ನೀರಿಗೆ ವಿದ್ಯುತ್ತು, ವಿದ್ಯುತ್ತಿಗೆ ನೀರು

ನಲ್ಲಿಯ ನೀರಿಗೂ ದೀಪದ ಬೆಳಕಿಗೂ ನಾವು ಬೇರೆ ಬೇರೆ ಕಚೇರಿಗಳಿಗೆ ಹಣ ತೆರುತ್ತೇವೆ. ಆದುದರಿಂದ ಅವೆರಡೂ ಪರಸ್ಪರ ಸಂಬಂಧವಿಲ್ಲದ ಸೌಕರ್ಯಗಳೆಂಬ ಭಾವನೆ ಸಾಮಾನ್ಯವಾಗಿದೆ. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅವು ಒಂದನ್ನೊಂದು ಆಶ್ರಯಿಸಿವೆ; ಒಂದಕ್ಕೆ ಕೊರತೆ ಬಂದಾಗ ಇನ್ನೊಂದಕ್ಕೂ ಅದರ ಬಿಸಿ ತಟ್ಟುತ್ತದೆ. ಈ ಸಂಬಂಧವನ್ನು ಅರಿಯಲು ಕಾವೇರಿ ನದಿಯೊಂದೇ ಸಾಕು.

ಬೀಳುವ ನೀರು

ಎತ್ತರದಲ್ಲಿರುವ ನೀರಿನಲ್ಲಿ ಅದರ ಸ್ಥಾನದ ಕಾರಣದಿಂದಲೇ ಶಕ್ತಿಯು ಅಡಗಿರುತ್ತದೆ. ಒಂದು ಲೀಟರ್ ನೀರು ಒಂದು ಮೀಟರ್ ಕೆಳಕ್ಕೆ ಬಿದ್ದರೆ ಸುಮಾರು ೯.೮ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಕೊಳವೆಗಳ ಮೂಲಕ ಸುಮಾರು ೧೨೦ ಮೀಟರ್ ಇಳಿದು ಟರ್ಬೈನುಗಳನ್ನು ತಿರುಗಿಸುತ್ತದೆ. ೧೯೦೨ರಲ್ಲಿ ಇಲ್ಲಿ ಉತ್ಪನ್ನವಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಬೇಸಗೆಯಲ್ಲಿ ನದಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ, ನೀರಾವರಿಯೊಡನೆ, ಈ ವಿದ್ಯುದಾಗಾರಕ್ಕೆ ವರ್ಷವಿಡೀ ನೀರೊದಗಿಸುವುದೂ ಸೇರಿತ್ತು.

ಈಗ ಒಂದು ಸಣ್ಣ ಲೆಕ್ಕ. ಸಾವಿರ ಲೀಟರ್ ನೀರು ೧೨೦ ಮೀಟರ್ ಬಿದ್ದರೆ ದೊರೆಯುವ ಶಕ್ತಿ ಸುಮಾರು ೧೨ ಲಕ್ಷ ಜೂಲ್. ಮನೆಯ ಮೀಟರು ತೋರಿಸುವ ಒಂದು ಯೂನಿಟ್ ೩೬ ಲಕ್ಷ ಜೂಲಿಗೆ ಸಮ. ಎಂದರೆ ಯಂತ್ರಗಳಲ್ಲಿ ಏನೂ ನಷ್ಟವಾಗದಿದ್ದರೂ ಸಾವಿರ ಲೀಟರಿನಿಂದ ದೊರೆಯುವುದು ಯೂನಿಟ್ಟಿನ ಮೂರನೆಯ ಒಂದು ಭಾಗ ಮಾತ್ರ.

ಏರುವ ನೀರು

ಅದೇ ನದಿಯ ನೀರು ೧೯೭೪ರಿಂದ ಬೆಂಗಳೂರಿಗೂ ಬರುತ್ತಿದೆ. ಶಿವನಸಮುದ್ರದ ಸಮೀಪದಲ್ಲಿ ಪಡೆದ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿರುವ ಪಂಪುಗಳು ಸುಮಾರು ೧೦೦ ಕಿಲೋಮೀಟರ್ ದೂರ ತಳ್ಳುತ್ತವೆ. ಎರಡು ಸ್ಥಳಗಳ ಎತ್ತರದ ವ್ಯತ್ಯಾಸ ಸುಮಾರು ೩೦೦ ಮೀಟರ್. ಆದರೆ ಕೊಳವೆಯ ಗೋಡೆಗಳೊಡನೆ ನೀರಿಗೆ ಉಂಟಾಗುವ ಘರ್ಷಣೆಯನ್ನೂ ದಾರಿಯ ಏರುತಗ್ಗುಗಳನ್ನೂ ಸೇರಿಸಿದರೆ, ಪಂಪುಗಳು ಒಟ್ಟು ಸುಮಾರು ೫೦೦ ಮೀಟರ್ ಎತ್ತಿದಷ್ಟು ಕೆಲಸ ಮಾಡಬೇಕಾಗುತ್ತದೆ. ಸಾವಿರ ಲೀಟರಿಗೆ ಇದು ೪೯ ಲಕ್ಷ ಜೂಲ್, ಅಥವಾ ಒಂದೂ ಮೂರನೆಯ ಒಂದು ಯೂನಿಟ್ಟಿಗೆ ಸ್ವಲ್ಪ ಹೆಚ್ಚು.

ಎರಡು ಲೆಕ್ಕಗಳನ್ನು ಹೋಲಿಸಿ ನೋಡೋಣ. ಬೆಂಗಳೂರಿಗೆ ಒಂದು ಕೊಡ ನೀರನ್ನು ಏರಿಸಲು ಶಿವನಸಮುದ್ರದಲ್ಲಿ ನಾಲ್ಕು ಕೊಡ ನೀರು ಬೀಳಬೇಕು. ಯಂತ್ರಗಳಲ್ಲಾಗುವ ನಷ್ಟವನ್ನು ಗಣಿಸಿದರೆ ಆರು ಕೊಡಗಳೂ ಸಾಲವು. ಕಾವೇರಿ ಯೋಜನೆಯ ಮೊದಲ ನಾಲ್ಕು ಹಂತಗಳು ದಿನಕ್ಕೆ ೧೪೫ ಕೋಟಿ ಲೀಟರ್ ನೀರು ತರುವಂಥವು. ಇದಕ್ಕೆ ಕನಿಷ್ಠಪಕ್ಷ ೮೨ ಮೆಗಾವಾಟ್ ವಿದ್ಯುತ್ತು ಹಗಲಿರುಳೂ ಬೇಕು. ಶಿವನಸಮುದ್ರದ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯವೇ ೪೨ ಮೆಗಾವಾಟ್! ೨೦೨೪ರಲ್ಲಿ ಉದ್ಘಾಟನೆಯಾದ ಐದನೆಯ ಹಂತದ ೭೭.೫ ಕೋಟಿ ಲೀಟರ್ ಈ ಲೆಕ್ಕದ ಹೊರಗಿದೆ.

ಕಲ್ಲಿದ್ದಲಿಗೂ ನೀರು ಬೇಕು

ಜಲವಿದ್ಯುತ್ತು ಸಾಲದಿದ್ದರೆ ಕಲ್ಲಿದ್ದಲಿದೆಯಲ್ಲ ಎಂದು ವಾಚಕರು ಕೇಳಬಹುದು. ಕಲ್ಲಿದ್ದಲಿನ ಸ್ಥಾವರದಲ್ಲಿ ಟರ್ಬೈನನ್ನು ತಿರುಗಿಸುವುದು ನೀರಿನ ಆವಿ. ಕೆಲಸ ಮುಗಿಸಿದ ಆವಿಯನ್ನು ತಣಿಸಿ ಮತ್ತೆ ನೀರಾಗಿಸಬೇಕು. ಉರಿದ ಕಲ್ಲಿದ್ದಲಿನ ಉಷ್ಣದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೆಯ ಒಂದು ಭಾಗ. ಉಳಿದುದರಲ್ಲಿ ಹೆಚ್ಚಿನ ಪಾಲನ್ನು ತಂಪುಮಾಡುವ ನೀರು ಹೊತ್ತೊಯ್ಯುತ್ತದೆ. ಒಂದು ಯೂನಿಟ್ ಉತ್ಪಾದನೆಗೆ ಎರಡು ಲೀಟರಿಗೂ ಹೆಚ್ಚು ನೀರು ಹೀಗೆ ಆವಿಯಾಗಿ ಆಕಾಶಕ್ಕೆ ಸೇರುತ್ತದೆ. ಶೈತ್ಯಗೋಪುರಗಳುಳ್ಳ ಹಳೆಯ ಸ್ಥಾವರಗಳು ಯೂನಿಟ್ಟಿಗೆ ೩.೫ ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ೨೦೧೫ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ರಾಯಚೂರಿನ ಸ್ಥಾವರ ಕೃಷ್ಣೆಯ ತೀರದಲ್ಲಿರುವುದು ಈ ಕಾರಣದಿಂದಲೇ. ೨೦೧೬ರ ಮಾರ್ಚ್ ತಿಂಗಳಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರ ನಿಂತುಹೋದುದು ಕಾಲುವೆಯಲ್ಲಿ ನೀರಿಲ್ಲದೆ.

ಬರಗಾಲದ ವಿಷಚಕ್ರ

ಈ ಪರಸ್ಪರಾಶ್ರಯ ಮಳೆಗಾಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬರ ಬಂದಾಗ ಅದರ ಸ್ವರೂಪ ಪ್ರಕಟವಾಗುತ್ತದೆ. ೨೦೨೩ರಲ್ಲಿ ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗಿತು. ಅದೇ ವೇಳೆಯಲ್ಲಿ ಒಣಗುವ ಪೈರನ್ನು ಉಳಿಸಿಕೊಳ್ಳಲು ರೈತರು ಪಂಪುಸೆಟ್ಟುಗಳನ್ನು ಹೆಚ್ಚು ಹೊತ್ತು ನಡೆಸಬೇಕಾಯಿತು. ಅಂತರ್ಜಲ ಇಳಿದಂತೆಲ್ಲ ಪ್ರತಿ ಲೀಟರಿಗೂ ಹೆಚ್ಚು ಶಕ್ತಿ ಬೇಕು: ೧೦೦ ಮೀಟರ್ ಆಳದ ನೀರು ೩೦೦ ಮೀಟರಿಗೆ ಇಳಿದರೆ ಖರ್ಚು ಮೂರು ಪಟ್ಟು. ಹೀಗೆ ವಿದ್ಯುತ್ತಿನ ಉತ್ಪತ್ತಿ ತಗ್ಗುವ ಕಾಲದಲ್ಲಿಯೇ ಅದರ ಬೇಡಿಕೆ ಏರುತ್ತದೆ.

ನಾವೇನು ಮಾಡಬಹುದು?

ನೀರಿನ ಉಳಿತಾಯವೇ ವಿದ್ಯುತ್ತಿನ ಉಳಿತಾಯವೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಬೆಂಗಳೂರಿನಲ್ಲಿ ಒಡೆದ ಕೊಳವೆಯಿಂದ ಸೋರಿಹೋಗುವ ಪ್ರತಿ ಸಾವಿರ ಲೀಟರಿನೊಡನೆ ಒಂದಕ್ಕಿಂತ ಹೆಚ್ಚು ಯೂನಿಟ್ ಮೋರಿಗೆ ಹರಿಯುತ್ತದೆ. ಇದಕ್ಕೆ ಪ್ರತಿಯಾಗಿ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಆ ನಗರದ ಛಾವಣಿಗಳ ಮೇಲೆ ಬೀಳುವ ಮಳೆಯನ್ನು ಸೂರ್ಯನು ಬಿಟ್ಟಿಯಾಗಿ ಎತ್ತಿ ತಂದಿರುತ್ತಾನೆ. ೧೦೦ ಚದರ ಮೀಟರ್ ಛಾವಣಿಯ ಮೇಲೆ ವರ್ಷದಲ್ಲಿ ೯೦ ಸೆಂಟಿಮೀಟರ್ ಮಳೆ ಸುರಿದರೆ ೯೦ ಸಾವಿರ ಲೀಟರಾಗುತ್ತದೆ. ಅಷ್ಟು ನೀರನ್ನು ಕಾವೇರಿಯಿಂದ ತರಲು ೧೨೦ ಯೂನಿಟ್ಟಿಗೂ ಹೆಚ್ಚು ಬೇಕು. ಬಳಸಿದ ನೀರನ್ನು ಶುದ್ಧೀಕರಿಸಿ ಉದ್ಯಾನಗಳಿಗೂ ಕಾರ್ಖಾನೆಗಳಿಗೂ ಕೊಡುವುದರಲ್ಲಿಯೂ ಲಾಭವುಂಟು. ಶುದ್ಧೀಕರಣಕ್ಕೂ ವಿದ್ಯುತ್ತು ಬೇಕಾದರೂ ಅಷ್ಟು ನೀರನ್ನು ದೂರದಿಂದ ಏರಿಸುವ ಶ್ರಮ ತಪ್ಪುತ್ತದೆ.

ನೀರಿನ ಯೋಜನೆ ಹಾಕುವವರು ವಿದ್ಯುತ್ತಿನ ಲೆಕ್ಕವನ್ನೂ, ವಿದ್ಯುತ್ತಿನ ಯೋಜನೆ ಹಾಕುವವರು ನೀರಿನ ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವಶ್ಯಕ. ನಲ್ಲಿಯನ್ನು ತಿರುಗಿಸುವ ನಾವೂ ಆ ಲೆಕ್ಕದಿಂದ ಹೊರಗಿಲ್ಲ.