ಐವತ್ತೈದು ಇಂಚಿನ ಹಬ್ಬ

ಹೋದ ತಿಂಗಳು ಟಿವಿಯ ಕೊನೆಯ ಕಂತು ಕಟ್ಟಿ ಮುಗಿಯಿತು. 'ಅಭಿನಂದನೆಗಳು' ಎಂದು ಬ್ಯಾಂಕಿನಿಂದ ಮೆಸೇಜು ಬಂತು. ಅದೇ ಸಂಜೆ ಒಂಬತ್ತು ತಿಂಗಳ ಸ್ಟೇಟ್‌ಮೆಂಟುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿಕೊಂಡು ಲೆಕ್ಕಕ್ಕೆ ಕೂತೆ. ಏಳುವ ಹೊತ್ತಿಗೆ, ಅಭಿನಂದನೆಯನ್ನು ನಾನೇ ಬ್ಯಾಂಕಿಗೆ ಹೇಳಬೇಕಿತ್ತು ಅನ್ನಿಸಿತು.

ಇದು ಶುರುವಾದದ್ದು 2025ರ ಪಿತೃಪಕ್ಷದಲ್ಲಿ. ಪಕ್ಷದ ಹದಿನೈದು ದಿನ ಮನೆಗೆ ಹೊಸದೇನೂ ತರಬಾರದು ಅನ್ನುವುದು ನಮ್ಮ ಅತ್ತೆಯ ಕಟ್ಟುನಿಟ್ಟು. ಆ ವರ್ಷ ಸರ್ಕಾರವೂ ಅತ್ತೆಯ ಪಕ್ಷ ವಹಿಸಿತ್ತು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ ಎಂದು ಸೆಪ್ಟೆಂಬರ್ ಮೊದಲ ವಾರದಲ್ಲೇ ಗೊತ್ತಾದರೂ, ಜಾರಿಗೆ ಬಂದದ್ದು ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ಕ್ಕೆ. ಊರಿಗೆ ಊರೇ ಕಾದು ಕೂತಿತ್ತು. ನಾವೂ ಕಾದೆವು. ನಮ್ಮ ಹಳೆಯ ಟಿವಿಯ ನಡುವೆ ನೇರಳೆ ಬಣ್ಣದ ಪಟ್ಟೆಯೊಂದು ಬಂದು ನಿಂತಿತ್ತು. ವಾರ್ತೆ ಓದುವವರೆಲ್ಲ ಅದರ ಹಿಂದೆ ಅಡಗಿಕೊಂಡೇ ಓದುತ್ತಿದ್ದರು. ದೀಪಾವಳಿಗೆ ಶಿವಮೊಗ್ಗದಿಂದ ನಾದಿನಿಯ ಮನೆಯವರು ಬರುವವರಿದ್ದರು. ಅಷ್ಟರೊಳಗೆ ಹೊಸ ಟಿವಿ ಗೋಡೆ ಏರಬೇಕಿತ್ತು.

ಆಯುಧಪೂಜೆಯ ಹಿಂದಿನ ಭಾನುವಾರ ಅಂಗಡಿಗೆ ಹೋದೆವು. ಮನೆ ಬಿಡುವಾಗ ಮನಸ್ಸಿನಲ್ಲಿದ್ದದ್ದು 43 ಇಂಚಿನದು, ಬೆಲೆ 31,500. ಅಂಗಡಿಯ ಹುಡುಗ ಅದನ್ನು ತೋರಿಸಿದ, ಪಕ್ಕದಲ್ಲೇ ಇದ್ದ 55 ಇಂಚಿನದನ್ನೂ ತೋರಿಸಿದ. "58,500 ಇತ್ತು ಮೇಡಂ, ಈಗ 54,000. ನೋ ಕಾಸ್ಟ್ ಇಎಂಐ ಇದೆ, ಒಂಬತ್ತು ತಿಂಗಳು, ತಿಂಗಳಿಗೆ ಆರು ಸಾವಿರ. ಚಿಕ್ಕದು ತಗೊಂಡ್ರೂ ಮೂರೂವರೆ ಸಾವಿರ ಕಟ್ಲೇಬೇಕಲ್ವಾ? ಬರೀ ಎರಡೂವರೆ ಸಾವಿರ ಜಾಸ್ತಿ ಅಷ್ಟೇ."

ಆ 'ಬರೀ'ಗೆ ನಾನು ಬಿದ್ದೆ. ಹದಿನೈದು ವರ್ಷದಿಂದ ಹಣಕಾಸಿನ ಬಗ್ಗೆ ಬರೆಯುತ್ತಿರುವವಳು ಬಿದ್ದೆ ಎನ್ನುವುದನ್ನು ಇಲ್ಲಿ ದಾಖಲಿಸಲೇಬೇಕು.

ಅತ್ತೆ ಮಾತ್ರ ಮನೆಯಲ್ಲಿ ಕೇಳಿದ್ದರು: "ಬ್ಯಾಂಕಲ್ಲಿ ದುಡ್ಡಿಟ್ಕೊಂಡು ಸಾಲ ಯಾಕೆ ಮಾಡ್ತೀಯೇ?" ನನ್ನ ಹೆಸರಿನಲ್ಲಿ 60,000 ರೂಪಾಯಿಯ ಎಫ್‌ಡಿ ಇತ್ತು. ಅದನ್ನು ಮುರಿಯುವುದು ಯಾಕೆ, ಬಡ್ಡಿಯಿಲ್ಲದೆ ಸಾಲ ಸಿಗುತ್ತಿರುವಾಗ ನಮ್ಮ ಹಣ ದುಡಿಯುತ್ತಿರಲಿ ಎಂದು ನಾನು ಅವರಿಗೆ ಪಾಠ ಹೇಳಿದ್ದೆ.

ಈಗ ಆ ಪಾಠದ ಲೆಕ್ಕ. ಕಾಗದ ಪೆನ್ನು ಹಿಡಿದುಕೊಂಡೇ ಓದಿ.

ಬ್ಯಾಂಕು ನನಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಿರಲಿಲ್ಲ. ಕಾರ್ಡಿನ ಇಎಂಐಗೆ ವರ್ಷಕ್ಕೆ 16 ಪರ್ಸೆಂಟ್ ಬಡ್ಡಿಯನ್ನು ನಿಯತ್ತಾಗಿಯೇ ಹಾಕಿತ್ತು. ತಿಂಗಳಿಗೆ ಆರು ಸಾವಿರದಂತೆ ಒಂಬತ್ತು ಕಂತಿನಲ್ಲಿ 16 ಪರ್ಸೆಂಟ್ ಬಡ್ಡಿಗೆ ತೀರುವ ಅಸಲು 50,569 ರೂಪಾಯಿ. 54,000ದಿಂದ ಅದನ್ನು ಕಳೆದರೆ ಉಳಿಯುವ 3,431 ಬಡ್ಡಿ. ಆ ಬಡ್ಡಿಯಷ್ಟನ್ನು ಮೊದಲೇ 'ರಿಯಾಯಿತಿ' ಎಂದು ಬೆಲೆಯಲ್ಲಿ ಬಿಟ್ಟು, ಆಮೇಲೆ ಕಂತಿನಲ್ಲಿ ಬಡ್ಡಿ ಎಂದು ವಸೂಲು ಮಾಡುತ್ತಾರೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ತೆಗೆದುಕೊಂಡರೆ ಲೆಕ್ಕ ಚುಕ್ತಾ ಅಲ್ಲವೇ ಎನ್ನಬಹುದು. ಅಲ್ಲ. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅದನ್ನು ಯಾರೂ ಬಿಡುವುದಿಲ್ಲ. 3,431ಕ್ಕೆ 618 ರೂಪಾಯಿ. ಪ್ರೊಸೆಸಿಂಗ್ ಶುಲ್ಕ 199, ಅದರ ಜಿಎಸ್‌ಟಿಯೂ ಸೇರಿ 235. ಒಟ್ಟು 853. 'ನೋ ಕಾಸ್ಟ್'ನ ಮೊದಲ ಕಾಸ್ಟ್ ಇದು.

ಎರಡನೆಯದು ತಿಂಗಳಾದ ಮೇಲೆ ತಿಳಿಯಿತು. ಪಕ್ಕದ ಮನೆಯವರು ಅದೇ ಟಿವಿಯನ್ನು ಅದೇ ಅಂಗಡಿಯಲ್ಲಿ ಅದೇ ವಾರ ಪೂರ್ತಿ ಹಣ ಕೊಟ್ಟು ಕೊಂಡಿದ್ದರು. ಅವರಿಗೆ ಬಿದ್ದದ್ದು 51,500. ಒಟ್ಟಿಗೆ ಕೊಟ್ಟರೆ 2,500 ಕಡಿಮೆ ಎಂದು ನಮಗೆ ಯಾರೂ ಹೇಳಲಿಲ್ಲ; ನಾವೂ ಕೇಳಲಿಲ್ಲ. ಹೀಗೆ 51,500ರ ವಸ್ತುವಿಗೆ ನಾನು ತೆತ್ತದ್ದು 54,853. ಹೆಚ್ಚು ಕೊಟ್ಟದ್ದು 3,353.

51,500ಕ್ಕೆ 3,353 ಅಂದರೆ ಆರೂವರೆ ಪರ್ಸೆಂಟ್ ತಾನೇ, ಎಫ್‌ಡಿಯಲ್ಲೂ ಅಷ್ಟೇ ಸಿಗುತ್ತದಲ್ಲ ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಎಲ್ಲರೂ ಎಡವುವುದು ಇಲ್ಲೇ. 51,500 ಒಂಬತ್ತು ತಿಂಗಳೂ ನನ್ನ ಮೇಲಿರಲಿಲ್ಲ. ಪ್ರತಿ ತಿಂಗಳೂ ಕರಗುತ್ತ ಹೋಗಿ ಕೊನೆಯ ತಿಂಗಳು ಆರು ಸಾವಿರದ ಹತ್ತಿರ ಬಂದಿತ್ತು. ಸರಾಸರಿ ಹಿಡಿದರೆ ನಾನು ಬಳಸಿದ ಸಾಲ 28,600. ಅದಕ್ಕೆ ಒಂಬತ್ತು ತಿಂಗಳಿಗೆ 3,353 ಅಂದರೆ ವರ್ಷಕ್ಕೆ 15.6 ಪರ್ಸೆಂಟ್. ಬ್ಯಾಂಕು ಮೊದಲು ಹೇಳಿದ 16ಕ್ಕೇ ಸುತ್ತಿ ಬಳಸಿ ಬಂದು ನಿಂತೆವು. ಅದೇ 28,600 ಎಫ್‌ಡಿಯಲ್ಲಿ 7 ಪರ್ಸೆಂಟ್‌ನಂತೆ ದುಡಿದದ್ದು 1,500, ತೆರಿಗೆಗೆ ಮೊದಲು. ಎಫ್‌ಡಿ ಮುರಿದಿದ್ದರೆ ಹೋಗುತ್ತಿದ್ದದ್ದು ಕೆಲವು ನೂರು ರೂಪಾಯಿ. ಜಿಎಸ್‌ಟಿ ಇಳಿಸಿ ಸರ್ಕಾರ ಬಿಟ್ಟುಕೊಟ್ಟ ನಾಲ್ಕೂವರೆ ಸಾವಿರದಲ್ಲಿ ಮುಕ್ಕಾಲು ಪಾಲನ್ನು ನಾನೇ ಒಯ್ದು ಬ್ಯಾಂಕಿಗೆ, ಅಂಗಡಿಗೆ, ಒಂದಿಷ್ಟನ್ನು ಸರ್ಕಾರಕ್ಕೇ ಮರಳಿ ಒಪ್ಪಿಸಿದ್ದೆ.

ಮೂರು ಸಾವಿರಕ್ಕೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ರಂಪ ಮೂರು ಸಾವಿರಕ್ಕಲ್ಲ. 31,500ರ ಟಿವಿ ತರಲು ಹೋದವಳು 54,000ದ್ದು ತಂದೆನಲ್ಲ, ಆ 22,500ಕ್ಕೆ. "ಇಪ್ಪತ್ತೆರಡೂವರೆ ಸಾವಿರ ಜಾಸ್ತಿ ಕೊಡ್ತೀರಾ?" ಎಂದು ಹುಡುಗ ಕೇಳಿದ್ದರೆ ಅಲ್ಲಿಂದಲೇ ವಾಪಸು ಬರುತ್ತಿದ್ದೆ. ಅವನು ಒಂಬತ್ತರಿಂದ ಭಾಗಿಸಿ ಕೇಳಿದ.

ನಿಜ ಹೇಳಬೇಕೆಂದರೆ ಈ ನೋ ಕಾಸ್ಟ್ ಇಎಂಐ ಎಂಬ ಪದಾರ್ಥದ ಮೇಲೆ ನನ್ನ ತಾಳ್ಮೆ ತೀರಿದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಆರ್‌ಬಿಐ ಬ್ಯಾಂಕುಗಳಿಗೆ 2013ರ ಸೆಪ್ಟೆಂಬರ್‌ನಲ್ಲೇ ಹೇಳಿ, ಕಾರ್ಡಿನ ಶೂನ್ಯ ಬಡ್ಡಿ ಯೋಜನೆಗಳಿಗೆ ತಡೆ ಹಾಕಿತ್ತು. ಹೆಸರು ಬದಲಾಯಿತು, ಹೂರಣ ಅದೇ ಉಳಿಯಿತು. ಇದನ್ನು ಹೀಗೆ ಬಳಸಿದರೆ ಲಾಭ, ಹಾಗೆ ಬಳಸಿದರೆ ಲಾಭ ಎಂದು ವಿವರಿಸುವ ಬುದ್ಧಿವಂತರಿದ್ದಾರೆ. ಅವರ ಲೆಕ್ಕ ಸರಿಯೇ ಇರಬಹುದು. ಹಬ್ಬದ ಭಾನುವಾರ, ಮಕ್ಕಳು ಕೈ ಜಗ್ಗುತ್ತಿರುವಾಗ, ಅಂಗಡಿಯ ನೂಕುನುಗ್ಗಲಿನಲ್ಲಿ ನಿಂತು ಆ ಲೆಕ್ಕ ಹಾಕಿದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ಕಂತಿನ ಜೊತೆಗೆ ಹಬ್ಬದ ಖರ್ಚಿನ ಬಾಲವೂ ನವೆಂಬರ್‌ವರೆಗೆ ಚಾಚಿತು. ಬಟ್ಟೆ, ಪಟಾಕಿ, ಸಿಹಿ, ಉಡುಗೊರೆ ಎಲ್ಲ ಸೇರಿ ಕಾರ್ಡಿನ ಬಿಲ್ 34,000 ಬಂತು. ಸಂಬಳದಲ್ಲಿ ಪೂರ್ತಿ ಕಟ್ಟಲಾಗದೆ ಆ ತಿಂಗಳು ಮಿನಿಮಮ್ ಡ್ಯೂ ಕಟ್ಟಿ ಕೈ ತೊಳೆದುಕೊಂಡೆ. ಮುಂದಿನ ಬಿಲ್‌ನಲ್ಲಿ ಬಡ್ಡಿ, ಜಿಎಸ್‌ಟಿ ಸೇರಿ ಎರಡು ಸಾವಿರ ಚಿಲ್ಲರೆ. ತಿಂಗಳಿಗೆ ಮೂರೂವರೆ ಪರ್ಸೆಂಟ್. ಜಿಎಸ್‌ಟಿಯೂ ಸೇರಿದರೆ ವರ್ಷಕ್ಕೆ 50ರ ಹತ್ತಿರ. ಆಗಲೂ ಎಫ್‌ಡಿ ಬ್ಯಾಂಕಿನಲ್ಲಿ ತಣ್ಣಗೆ ಮಲಗಿತ್ತು.

ಇನ್ನು ಆ ಟಿವಿ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಎಲ್ಲರೂ ಹಾಲ್‌ಗೆ ಬಂದರು. ಮಕ್ಕಳು ಮೊಬೈಲಿಗೆ ತಲೆ ಬಗ್ಗಿಸಿದರು. ಗಂಡಸರು ಮಹಡಿ ಮೇಲೆ ಹರಟೆಗೆ ಹೋದರು. ನಾನು, ನಾದಿನಿ ಹಿಂದಿನ ದಿನದಿಂದಲೂ ಅಡುಗೆಮನೆಯಲ್ಲೇ ಇದ್ದೆವು. ಚಕ್ಕುಲಿ ಒತ್ತಿ ಒತ್ತಿ ಅವಳ ಅಂಗೈ ಕೆಂಪಾಗಿತ್ತು. ರೈಲಿನ ಟಿಕೆಟು ಸಿಗದೆ ಎರಡು ಪಟ್ಟು ಕೊಟ್ಟು ಖಾಸಗಿ ಬಸ್ಸಿನಲ್ಲಿ ಬಂದವಳು ಅವಳು. ಟಿವಿ ಯಾರಿಗೂ ಬೇಡವಾಗಿ ಒಬ್ಬಂಟಿಯಾಗಿ ಹಾಡುತ್ತಿತ್ತು.

ಹಬ್ಬದ ಖರ್ಚನ್ನು ನಾವು ದಿಢೀರ್ ಬಂದ ಕಾಯಿಲೆಯ ಖರ್ಚಿನಂತೆ ನೋಡುತ್ತೇವೆ. ಯುಗಾದಿಗೆ ಪಂಚಾಂಗ ಕೈಗೆ ಬಂದಾಗಲೇ ದೀಪಾವಳಿ ಯಾವತ್ತು ಎಂದು ತಿಳಿದಿರುತ್ತದೆ. ಏಳು ತಿಂಗಳು ಮೊದಲೇ ತಿಳಿದದ್ದಕ್ಕೆ ಏಳು ದಿನದ ಗಡಿಬಿಡಿಯಲ್ಲಿ ಓಡಾಡುತ್ತೇವೆ, ಆ ಗಡಿಬಿಡಿಗೆ ಅಂಗಡಿ, ಬಸ್ಸು, ಬ್ಯಾಂಕು ಎಲ್ಲವೂ ಬೆಲೆ ಕಟ್ಟುತ್ತವೆ. ಈ ವರ್ಷ ಅಧಿಕ ಮಾಸ ಬಂದು ಹಬ್ಬಗಳು ಸುಮಾರು ಮೂರು ವಾರ ಮುಂದಕ್ಕೆ ಹೋಗಿವೆ. ದೀಪಾವಳಿಗೆ ಮೊದಲು ಇನ್ನೊಂದು ಸಂಬಳ ಸಿಗುತ್ತದೆ. ಅದನ್ನಾದರೂ ಬಳಸಿಕೊಳ್ಳಿ.

ನಾನು ತೀರ್ಮಾನಿಸಿರುವುದು ಇಷ್ಟು. ಹೋದ ದೀಪಾವಳಿಗೆ ಟಿವಿ ಬಿಟ್ಟು ಆದ ಖರ್ಚು 42,000. ಕೆಲಸದ ಅಕ್ಕನಿಗೆ ಕೊಟ್ಟ ಒಂದು ತಿಂಗಳ ಸಂಬಳವೂ ಅದರಲ್ಲಿದೆ. ಬರುವ ದೀಪಾವಳಿ ಮುಗಿದ ಮರುದಿನದಿಂದ ತಿಂಗಳಿಗೆ 3,500ರ ಆರ್‌ಡಿ. ಹನ್ನೆರಡು ಕಂತಿಗೆ 42,000, ಮೇಲೆ ಬಡ್ಡಿ ಸಾವಿರದ ಐನೂರರ ಆಸುಪಾಸು. ಅದು ಇಎಂಐಯೇ, ಬಡ್ಡಿ ಮಾತ್ರ ನಮ್ಮ ಕಡೆ ಹರಿಯುತ್ತದೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿರುವುದರಿಂದ, ಗಣಪತಿ ಕೂರಿಸುವ ಮೊದಲೇ ದೀಪಾವಳಿಯ ಟಿಕೆಟು ತೆಗೆಯಬೇಕು ಎಂದು ನಾದಿನಿಗೆ ಹೇಳಿದ್ದೇನೆ. ಚಕ್ಕುಲಿ, ಕೋಡುಬಳೆಯನ್ನು ಈ ಸಲ ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಮಾಡಿ ಮಾರುವವರಿಂದ ತರುವುದು, ಮನೆಯಲ್ಲಿ ಹೋಳಿಗೆ ಒಂದೇ. ಎಣ್ಣೆ, ಗ್ಯಾಸು, ಎರಡು ದಿನದ ಸೊಂಟನೋವು ಲೆಕ್ಕಕ್ಕೆ ಹಿಡಿದರೆ ಕೊಂಡದ್ದೇ ಅಗ್ಗ.

ಇದಕ್ಕೆಲ್ಲ ಗುರು ಅತ್ತೆಯೇ. ಪಂಚಾಂಗದ ಕೊನೆಯ ಖಾಲಿ ಹಾಳೆಯಲ್ಲಿ ಪ್ರತಿ ಹಬ್ಬ ಮುಗಿದ ಮೇಲೆ ಅವರು ಎರಡು ಕಾಲಂ ಬರೆದಿಡುತ್ತಾರೆ: ತಂದದ್ದು, ಉಳಿದದ್ದು. ಬೆಲ್ಲ ಮೂರು ಕೆಜಿ, ಉಳಿದದ್ದು ಒಂದು. ತುಪ್ಪ ಎರಡು ಕೆಜಿ, ಉಳಿದದ್ದು ಇಲ್ಲ. ಮುಂದಿನ ವರ್ಷದ ಪಟ್ಟಿ ಇದನ್ನು ನೋಡಿಯೇ ತಯಾರಾಗುತ್ತದೆ. ನಾನು ಮೊನ್ನೆ ಅದರ ಕೆಳಗೆ 'ಟಿವಿ, 54,853' ಎಂದು ಬರೆದು, ಪಕ್ಕದಲ್ಲಿ ಮೂರನೆಯ ಕಾಲಂ ಎಳೆದೆ: ಬೇಕಿತ್ತಾ?

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದನ್ನ ಅಂಗಡಿಗೆ ಹೋಗೋಕೆ ಮುಂಚೆ ಬರೀಬೇಕು ಕಣೇ," ಎಂದರು.