ಆಟ್ಟುಕಾಲ್ ಪೊಂಗಾಲ

‘ಪೊಂಗಾಲ’ ಎಂಬುದು ಮಲೆಯಾಳದ ಶಬ್ದ. ಅದಕ್ಕೂ ಹಳಗನ್ನಡದ ‘ಪೊಂಗು’ ಎಂಬ ಧಾತುವಿಗೂ ಮೂಲ ಒಂದೇ, ಉಕ್ಕುವುದು ಎಂದರ್ಥ. ಹೊಸ ಮನೆಯನ್ನು ಹೊಗುವಾಗ ನಾವು ಹಾಲುಕ್ಕಿಸುವುದುಂಟಷ್ಟೆ. ಅಂತೆಯೇ ತಿರುವನಂತಪುರದ ಆಟ್ಟುಕಾಲ್ ಭಗವತಿಗೆ ಹೆಂಗಸರು ಹೊಸ ಮಡಕೆಯಲ್ಲಿ ಅಕ್ಕಿ ಬೆಲ್ಲಗಳ ಪಾಯಸವನ್ನು ಉಕ್ಕಿಸಿ ನಿವೇದಿಸುತ್ತಾರೆ. ಕುಂಭಮಾಸದ ಹತ್ತು ದಿನಗಳ ಉತ್ಸವದಲ್ಲಿ ಇದು ಒಂಬತ್ತನೆಯ ದಿನದ ವಿಧಿ. 2009ರಲ್ಲಿ ಇಪ್ಪತ್ತೈದು ಲಕ್ಷ ಮಂದಿ ನೆರೆದುದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ.

2024ರ ಫೆಬ್ರವರಿ 25ರಂದು ಇದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿರುವ ಅಕ್ಕನ ಮನೆಗೆ ನನ್ನೊಡನೆ ಸೋದರತ್ತೆಯೂ ಬಂದಿದ್ದರು. ಅವರು ವಿಧವೆ. ನಮ್ಮ ಮನೆಯ ಗೌರಿಹಬ್ಬದಲ್ಲಿ ಕಡುಬು ಪಾಯಸಗಳನ್ನು ಮಾಡುವವರು ಅವರೇ. ಪೂಜೆಯ ಹೊತ್ತಿಗೆ ಒಳಗೆ ಸರಿಯುವವರೂ ಅವರೇ. ಅಕ್ಕ ಅವರಿಗೂ ಒಂದು ಮಡಕೆ ತಂದಾಗ, “ಬೇಕಾದರೆ ಬೇಯಿಸಿಕೊಡುತ್ತೇನಮ್ಮ, ದೇವಿಗೆ ಅರ್ಪಿಸುವವಳು ನೀನಾಗು” ಎಂದರು.

ಬೀದಿಯುದ್ದಕ್ಕೂ ಮೂರು ಮೂರು ಇಟ್ಟಿಗೆಗಳ ಒಲೆಗಳು. ಉತ್ಸವದ ಮೊದಲ ದಿನದಿಂದ ದೇವಾಲಯದಲ್ಲಿ ಕಣ್ಣಗಿಯ ಚರಿತೆಯನ್ನು ಹಾಡುತ್ತಾರೆ. ಪಾಂಡ್ಯರಾಜನ ವಧೆಯ ಭಾಗ ಬಂದಾಗ ಪೊಂಗಾಲದ ಬೆಂಕಿ ಹೊತ್ತುತ್ತದೆ. ಗರ್ಭಗುಡಿಯ ದೀಪದಿಂದ ತಂದ ಆ ಮೊದಲ ಉರಿ ಅರ್ಚಕರ ಕೈಯದು. ಅಲ್ಲಿಂದ ಮುಂದೆ ಅದು ಒಲೆಯಿಂದ ಒಲೆಗೆ, ಹೆಂಗಸಿನಿಂದ ಹೆಂಗಸಿಗೆ ಸಾಗುತ್ತದೆ. ಜಾತಿಯ ವಿಚಾರಣೆ ಅಲ್ಲಿಲ್ಲ.

ಎಡಗಡೆಯಾಕೆ ಉರಿಯುವ ತೆಂಗಿನ ಗರಿಯನ್ನು ಅತ್ತೆಯತ್ತ ಚಾಚಿದಳು. ಅತ್ತೆ ಅನುಮಾನಿಸಿದರು. ಆಗ ಅಕ್ಕ ಮೆಲ್ಲಗೆ, “ಕಣ್ಣಗಿಯ ಗಂಡನನ್ನು ಮಧುರೆಯಲ್ಲಿ ಸುಳ್ಳು ಕಳವಿನ ಮೇಲೆ ಕೊಲ್ಲಿಸಿದರಲ್ಲವೆ, ಅತ್ತೆ? ನ್ಯಾಯ ಕೇಳಲು ಹೋದಾಗ ಅವಳೂ ಗಂಡನಿಲ್ಲದವಳೇ. ಈ ದೇವಿ ಅವಳೇ ಎಂದು ಇಲ್ಲಿಯವರ ನಂಬಿಕೆ” ಎಂದಳು. ಅತ್ತೆ ಗರಿಯನ್ನು ತೆಗೆದುಕೊಂಡರು. ತಮ್ಮ ಒಲೆ ಹೊತ್ತಿದ ಮೇಲೆ ಬಲಗಡೆಯಾಕೆಗೂ ಬೆಂಕಿ ಕೊಟ್ಟರು.

ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಅತ್ತೆಯ ಕಣ್ಣೀರು ಹೊಗೆಯದೋ ಅಲ್ಲವೋ, ನಾನು ಕೇಳಲಿಲ್ಲ. ಪಾಯಸ ಉಕ್ಕಿ ಮಡಕೆಯ ಅಂಚಿನಿಂದ ಇಳಿಯಿತು. ಮಧ್ಯಾಹ್ನ ಅರ್ಚಕರು ಬಂದು ಎಲ್ಲ ಮಡಕೆಗಳಿಗೂ ಒಂದೇ ತೀರ್ಥವನ್ನು ಪ್ರೋಕ್ಷಿಸಿದರು.

ಶಿಲಪ್ಪದಿಕಾರದ ಕಣ್ಣಗಿಯನ್ನು ನಾವು ತರಗತಿಯಲ್ಲಿ ಪತಿವ್ರತೆಯೆಂದು ಓದಿ ಮುಂದೆ ಹೋಗುತ್ತೇವೆ. ಗಂಡನನ್ನು ಕಳೆದುಕೊಂಡವಳೊಬ್ಬಳು ದೇವತೆಯಾದಳೆಂಬುದನ್ನು ಯೋಚಿಸಿದರೆ, ಅಂಥವರನ್ನು ಪೂಜೆಯಿಂದ ದೂರವಿಡುವ ನಮ್ಮ ರೂಢಿಗೆ ಏನು ಸಮಾಧಾನ ಹೇಳುವುದು?

ಆ ವರ್ಷದ ಗೌರಿಹಬ್ಬದಲ್ಲಿ ಅಮ್ಮ ಪಾಯಸದ ಪಾತ್ರೆಯನ್ನು ಅತ್ತೆಯ ಕೈಗಿತ್ತು, “ನೀವೇ ದೇವರ ಮುಂದಿಡಿ, ಅತ್ತಿಗೆ” ಎಂದರು. ಅತ್ತೆ ಇಟ್ಟರು. ಬಾಗಿನದ ಮೊರ ಮಾತ್ರ ಅವರ ಕೈಗೆ ಇನ್ನೂ ಬಂದಿಲ್ಲ.