ಗೋವಿನಜೋಳದ ಕುಕು, ಹಸಿ ತೊಗರಿಯ ಅನ್ನ: ಸಂತೆ ಚೀಲದಲ್ಲೇ ಕೆರಿಬಿಯನ್ ಅಡುಗೆ

ಹಾವೇರಿ ಜಿಲ್ಲೆಯಲ್ಲಿ ಮುಂಗಾರು ಹಿಡಿದರೆ ಕಣ್ಣು ಹಾಯುವಷ್ಟು ದೂರವೂ ಗೋವಿನಜೋಳ. ಹಿರೇಕೆರೂರು ಕಡೆಯಂತೂ ಹೇಳುವುದೇ ಬೇಡ. ರಾಶಿಯಾದ ಮೇಲೆ ಕಾಳು ಚೀಲ ತುಂಬಿ ಲಾರಿ ಹತ್ತುತ್ತದೆ. ಒಂದಿಷ್ಟು ಕೋಳಿ ಆಹಾರಕ್ಕೆ, ಒಂದಿಷ್ಟು ಸ್ಟಾರ್ಚ್ ಕಾರ್ಖಾನೆಗೆ. ನಮ್ಮ ಒಲೆಯ ಹತ್ತಿರ ಅದು ಸುಳಿಯುವುದು ಹಸಿ ತೆನೆ ಸುಡುವ ದಿನಗಳಲ್ಲಿ ಮಾತ್ರ. ಅದೇ ಕಾಳಿನ ಹಿಟ್ಟನ್ನು ಬೆಂಡಿಕಾಯಿ ಜೊತೆ ತಿರುವಿ ಕುಕು ಎಂಬ ಮುದ್ದೆ ಮಾಡುವ ಬಾರ್ಬಡೋಸ್ ದ್ವೀಪದವರಿಗೆ ಅದು ರಾಷ್ಟ್ರೀಯ ಊಟ. ಬೆಳೆದವರ ಮನೆಯಲ್ಲೇ ಆ ಕಾಳು ಬೇಯುವುದಿಲ್ಲವೆಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ. ಈ ಲೇಖನಕ್ಕೆ ಮೊದಲ ಕಾರಣವೇ ಅದು.

ಕೆರಿಬಿಯನ್ ಅಡುಗೆ ಎಂದರೆ ಬೆಂಗಳೂರಿನ ದೊಡ್ಡ ಅಂಗಡಿಯಿಂದ ಬಾಟಲಿ, ಡಬ್ಬಿ ತರಿಸಬೇಕು ಎಂದುಕೊಳ್ಳುವವರು ಹೆಚ್ಚು. ಆ ದ್ವೀಪಗಳ ಮನೆ ಅಡುಗೆಯ ಸಾಮಾನು ನೋಡಿ: ಅಕ್ಕಿ, ತೊಗರಿ, ಕುಂಬಳಕಾಯಿ, ಬದನೆ, ಬೆಂಡಿ, ಕೆಸುವಿನ ಎಲೆ, ತೆಂಗಿನಕಾಯಿ, ಮಾವು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಯಾವ ಸಂತೆಗೆ ಹೋದರೂ ಇವು ಸಿಗುತ್ತವೆ. ಇದು ಕಾಕತಾಳೀಯವಲ್ಲ. ತೊಗರಿ ಭಾರತದ ಬೆಳೆ. ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ಹೊತ್ತ ಹಡಗುಗಳ ಜೊತೆ ಕೆರಿಬಿಯನ್ ತಲುಪಿತು. ಮುಂದೆ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಕೂಲಿಗಳಾಗಿ ನಮ್ಮ ದೇಶದ ಜನ ಹೋದರು. 1838ರ ಮೇ ತಿಂಗಳಲ್ಲಿ ಮೊದಲ ಹಡಗುಗಳು ಗಯಾನಾ ಮುಟ್ಟಿದವು. 1845ರ ಮೇ 30ರಂದು ಇನ್ನೊಂದು ಹಡಗು ಟ್ರಿನಿಡಾಡ್ ಸೇರಿತು. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಟ್ರಿನಿಡಾಡ್ ಒಂದಕ್ಕೇ ಹೋದವರು ಸುಮಾರು 1.4 ಲಕ್ಷ. ಹೆಚ್ಚಿನವರು ಈಗಿನ ಬಿಹಾರ, ಪೂರ್ವ ಉತ್ತರ ಪ್ರದೇಶದವರು. ಮದ್ರಾಸ್ ಬಂದರಿನಿಂದ ಹೊರಟವರೂ ಇದ್ದರು. ಕನ್ಹಾಯ್, ಕಾಳೀಚರಣ್, ಚಂದರ್‌ಪಾಲ್ ಎಂಬ ವೆಸ್ಟ್ ಇಂಡೀಸ್ ಆಟಗಾರರ ಹೆಸರುಗಳನ್ನು ಕ್ರಿಕೆಟ್‌ನ ರೇಡಿಯೊ ಕಾಮೆಂಟರಿಯಲ್ಲಿ ಕೇಳಿದವರಿಗೆ ಈ ಸಂಬಂಧ ಹೊಸದಲ್ಲ. ಮೆಣಸಿನಕಾಯಿಯಾದರೋ ಎದುರು ದಿಕ್ಕಿನಲ್ಲಿ ಬಂದಿತು. ಪಕ್ಕದ ಬ್ಯಾಡಗಿಯ ಹೆಸರು ಹೊತ್ತು 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಾಯಿಯ ಪೂರ್ವಜರು ಅಮೆರಿಕ ಖಂಡದವರು, ಪೋರ್ಚುಗೀಸರ ಹಡಗಿನಲ್ಲಿ ಬಂದವರು.

ಸಾಮಾನು ಮನೆಯಲ್ಲೇ ಇದೆ ಎಂದಾಯಿತು. ಇನ್ನು ಕಲಿಯಬೇಕಾದ್ದು ಮೂರು ಕ್ರಮ: ಹಸಿರು ಮಸಾಲೆ ಅರೆದಿಡುವುದು, ಸಕ್ಕರೆಯನ್ನು ಎಣ್ಣೆಯಲ್ಲಿ ಕೆಂಪಗೆ ಕರಗಿಸುವುದು, ಮೆಣಸಿನಕಾಯಿಯನ್ನು ಒಡೆಯದಂತೆ ಇಡಿಯಾಗಿ ಬೇಯಿಸುವುದು.

ಮೊದಲು ಹಸಿರು ಮಸಾಲೆ

ಟ್ರಿನಿಡಾಡ್‌ನ ಮನೆಗಳಲ್ಲಿ ಇದರ ಬಾಟಲಿ ಸದಾ ತಯಾರಿರುತ್ತದೆ. ಅಲ್ಲಿಯವರು ಇದಕ್ಕೆ ಹಾಕುವ ಮುಖ್ಯ ಸೊಪ್ಪು ಶಾಡೊ ಬೆನಿ. ಗರಗಸದಂಥ ಅಂಚಿನ ಉದ್ದೆಲೆ, ಕೊತ್ತಂಬರಿಯದೇ ವಾಸನೆ, ಇನ್ನೂ ಗಾಢ. ಅದು ಸಿಗದಿದ್ದರೆ ನಾಟಿ ಕೊತ್ತಂಬರಿಯನ್ನು ದಂಟಿನ ಸಮೇತ ಬಳಸಿ. ಎರಡನೆಯದು ಥೈಮ್. ಇದಕ್ಕಾಗಿ ಒಣ ಎಲೆಯ ಸಣ್ಣ ಡಬ್ಬಿಗೆ ದುಡ್ಡು ಸುರಿಯಬೇಡಿ. ಹಿತ್ತಲಿನ ದೊಡ್ಡಪತ್ರೆ ನೋಡಿ. ಕೆಮ್ಮು ನೆಗಡಿಗೆ ಮಕ್ಕಳಿಗೆ ರಸ ಹಿಂಡಿ ಕೊಡುತ್ತೇವಲ್ಲ, ಅದೇ ಗಿಡ. ಟ್ರಿನಿಡಾಡ್‌ನಲ್ಲೂ ಅದನ್ನು ಅಗಲ ಎಲೆಯ ಥೈಮ್ ಎಂದು ಕುಂಡದಲ್ಲಿ ಬೆಳೆಸಿ ಇದೇ ಮಸಾಲೆಗೆ ಹಾಕುತ್ತಾರೆ. ಹಾಗಾಗಿ ದೊಡ್ಡಪತ್ರೆ ಹಾಕಿದರೆ ರುಚಿಯಲ್ಲಿ ಯಾವ ರಾಜಿಯೂ ಇಲ್ಲ.

ಒಂದು ದೊಡ್ಡ ಸೂಡು ಕೊತ್ತಂಬರಿ, ಐದಾರು ಉಳ್ಳಾಗಡ್ಡಿ ತಪ್ಪಲ, ಹದಿನೈದು ಎಸಳು ಬಳ್ಳೊಳ್ಳಿ, ಎಂಟು ದೊಡ್ಡಪತ್ರೆ ಎಲೆ, ಎರಡು ಹಸಿ ಮೆಣಸಿನಕಾಯಿ, ಬೆರಳ ಗೆಣ್ಣಿನಷ್ಟು ಹಸಿ ಶುಂಠಿ ತೆಗೆದುಕೊಳ್ಳಿ. ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ಆರದಿದ್ದರೆ ಮಸಾಲೆ ಬೇಗ ಕೆಡುತ್ತದೆ. ಅರ್ಧ ಚಮಚ ಉಪ್ಪು, ಒಂದು ಲಿಂಬೆಹಣ್ಣಿನ ರಸ ಸೇರಿಸಿ ತರಿತರಿಯಾಗಿ ಅರೆಯಿರಿ. ಕಲ್ಲಿದ್ದವರು ಕಲ್ಲನ್ನೇ ಬಳಸಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಬಿಸಿಯಾದರೆ ಹಸಿರು ಬಣ್ಣ ಕಪ್ಪಾಗುತ್ತದೆ. ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಐದು ದಿನ ಬರುತ್ತದೆ. ಇಲ್ಲಿಂದ ಮುಂದಿನ ಕೆಲವು ಅಡುಗೆಗೆ ಇದರ ಒಂದರಿಂದ ಮೂರು ಚಮಚ ಬೇಕು.

ಗೋವಿನಜೋಳದ ಕುಕು

ಹಿಟ್ಟು ಹಾಕಿಸುವ ಮುನ್ನ ಒಂದು ಎಚ್ಚರಿಕೆ. ಬಿತ್ತನೆ ಬೀಜ ಉಳಿದಿದೆಯೆಂದು ಅದನ್ನು ಗಿರಣಿಗೆ ಒಯ್ಯಬೇಡಿ. ಅದಕ್ಕೆ ಬಣ್ಣ ಬೆರೆಸಿದ ಔಷಧ ಲೇಪಿಸಿರುತ್ತಾರೆ, ತೊಳೆದರೂ ತಿನ್ನುವಂತಿಲ್ಲ. ಬೀಜೋತ್ಪಾದನೆ ನಡೆಯುವ ಊರುಗಳಲ್ಲಿ ಈ ಮಾತು ಮರೆಯಬಾರದು. ಮಳೆಗೆ ಸಿಕ್ಕು ಬೂಸ್ಟು ಹಿಡಿದ ಕಾಳೂ ಬೇಡ. ಆ ಬೂಸ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ಚೆನ್ನಾಗಿ ಒಣಗಿದ, ಕಚ್ಚಿದರೆ ಕಟ್ಟೆನ್ನುವ ಕಾಳನ್ನು ಆರಿಸಿ, ಗಿರಣಿಯವರಿಗೆ ಸಣ್ಣ ರವೆಯ ಹದಕ್ಕೆ ಬೀಸಲು ಹೇಳಿ. ನುಣ್ಣನೆ ಹಿಟ್ಟಾದರೆ ಮುದ್ದೆ ಅಂಟಂಟಾಗುತ್ತದೆ. ಎರಡು ಕಿಲೊ ಬೀಸಿಸಿದರೆ ಸಾಕು, ಬಹಳ ದಿನ ಇಟ್ಟರೆ ಕಹಿ ಬರುತ್ತದೆ.

ನಾಲ್ಕು ಜನರಿಗೆ ಒಂದೂವರೆ ಬಟ್ಟಲು ರವೆ. ಅದು ಮುಳುಗುವಷ್ಟು ತಣ್ಣೀರು ಹಾಕಿ ಹತ್ತು ನಿಮಿಷ ನೆನೆಯಿಡಿ. ಗಂಟು ಬೀಳದಿರುವ ಗುಟ್ಟು ಇಲ್ಲೇ ಇದೆ; ಒಣ ರವೆಯನ್ನು ಕುದಿನೀರಿಗೆ ಸುರಿದವರೇ ಗಂಟು ಒಡೆಯುತ್ತ ಕೂರುವುದು. ಇನ್ನೊಂದು ಬೋಗುಣಿಯಲ್ಲಿ ನಾಲ್ಕು ಬಟ್ಟಲು ನೀರು, ಹೆಚ್ಚಿದ ಒಂದು ಉಳ್ಳಾಗಡ್ಡಿ, ಉಪ್ಪು, ಗಾಲಿಯಂತೆ ಹೆಚ್ಚಿದ ಎಂಟು ಹತ್ತು ಎಳೆ ಬೆಂಡಿಕಾಯಿ ಹಾಕಿ ಎಂಟು ನಿಮಿಷ ಕುದಿಸಿ. ಬೆಂಡಿ ಹೋಳು ಸೋಸಿ ತೆಗೆದಿಡಿ. ಉಳಿದ ನೀರು ಲೋಳೆಯಾಗಿರುತ್ತದೆ, ಅದನ್ನು ಚೆಲ್ಲಬೇಡಿ. ಆ ಲೋಳೆಯೇ ಕುಕುವಿಗೆ ನುಣುಪು ಕೊಡುವುದು.

ಅದರಲ್ಲಿ ಅರ್ಧ ನೀರು ಬೇರೆ ತೆಗೆದಿಟ್ಟು, ಉಳಿದರ್ಧಕ್ಕೆ ನೆನೆದ ರವೆ ಹಾಕಿ ಸಣ್ಣ ಉರಿಯಲ್ಲಿ ಕಟ್ಟಿಗೆಯ ಚಮಚದಿಂದ ತಿರುವಿ. ಗಟ್ಟಿಯಾದಂತೆಲ್ಲ ತೆಗೆದಿಟ್ಟ ನೀರನ್ನು ಸೌಟಿನಷ್ಟು ಸೌಟಿನಷ್ಟೇ ಸೇರಿಸಿ. ಇಪ್ಪತ್ತು ನಿಮಿಷ ಬೇಕು. ಮುದ್ದೆ ಬೋಗುಣಿಯ ಬದಿ ಬಿಟ್ಟು, ಚಮಚ ಮಧ್ಯದಲ್ಲಿ ನೆಟ್ಟಗೆ ನಿಂತಾಗ ಬೆಂಡಿ ಹೋಳು, ಒಂದು ಚಮಚ ಬೆಣ್ಣೆ ಹಾಕಿ ಕೊನೆಯ ಸುತ್ತು ತಿರುವಿ. ತುಪ್ಪ ಸವರಿದ ಬಟ್ಟಲಿಗೆ ಹಾಕಿ, ತಾಟಿನ ಮೇಲೆ ಬೋರಲು ಹಾಕಿ, ನೆತ್ತಿಯಲ್ಲಿ ಕುಳಿ ಮಾಡಿ ಸಾರು ಬಿಡಿ. ಬಾರ್ಬಡೋಸ್‌ನಲ್ಲಿ ಹಾರುವ ಮೀನಿನ ಸಾರು ಬಿಡುತ್ತಾರೆ. ನಮ್ಮಲ್ಲಿ ಕೆರೆಮೀನು ತಿನ್ನುವವರು ಅದನ್ನೇ ಹಸಿರು ಮಸಾಲೆ, ಟೊಮೆಟೊ ಹಾಕಿ ಬೇಯಿಸಲಿ. ಸಸ್ಯಾಹಾರಿ ಮನೆಯಲ್ಲಿ ಟೊಮೆಟೊ ಗೊಜ್ಜು ಸಾಕು. ಬಿಸಿಯಲ್ಲೇ ಉಣ್ಣಬೇಕು. ಆರಿದರೆ ಗಟ್ಟಿಯಾಗುತ್ತದೆ, ಮರುದಿನ ಚಪ್ಪಟೆ ಹೋಳು ಕೊಯ್ದು ಹಂಚಿನ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಕಾಯಿಸಿದರೆ ಶಾಲೆಯ ಡಬ್ಬಿಗೂ ಆಗುತ್ತದೆ.

ಹಸಿ ತೊಗರಿಯ ಅನ್ನ

ಜಮೈಕಾದಲ್ಲಿ ಭಾನುವಾರದ ಊಟಕ್ಕೆ ಕಾಳು ಹಾಕಿದ ತೆಂಗಿನ ಹಾಲಿನ ಅನ್ನ ಇರಲೇಬೇಕು. ವರ್ಷವಿಡೀ ಕೆಂಪು ರಾಜ್ಮಾ. ಕ್ರಿಸ್‌ಮಸ್ ಬಂತೆಂದರೆ ಹಸಿ ತೊಗರಿ. ನಮ್ಮಲ್ಲೂ ಸಂತೆಗೆ ಹಸಿ ತೊಗರಿಕಾಯಿ ಬರುವುದು ಅದೇ ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಒಮ್ಮೆಯಾದರೂ ಮಾಡಿ.

ಎರಡು ಬಟ್ಟಲು ಅಕ್ಕಿಗೆ ಒಂದೂವರೆ ಬಟ್ಟಲು ಸುಲಿದ ಕಾಳು. ಹಾನಗಲ್ ಕಡೆಯ ಹಳೆಯ ಅಕ್ಕಿ ಒಳ್ಳೆಯದು, ಹೊಸ ಅಕ್ಕಿ ಮುದ್ದೆಯಾಗುತ್ತದೆ. ಅರ್ಧ ಹೋಳು ತೆಂಗಿನಕಾಯಿ ತುರಿದು ಬೆಚ್ಚನೆ ನೀರಲ್ಲಿ ಎರಡು ಸಲ ಹಿಂಡಿ. ಹಾಲು ನೀರು ಸೇರಿ ನಾಲ್ಕು ಬಟ್ಟಲಾಗಲಿ. ಅದರಲ್ಲಿ ಕಾಳು, ಜಜ್ಜಿದ ಬಳ್ಳೊಳ್ಳಿ, ಗಂಟು ಕಟ್ಟಿದ ಎರಡು ಉಳ್ಳಾಗಡ್ಡಿ ತಪ್ಪಲ, ಮೂರು ದೊಡ್ಡಪತ್ರೆ ಎಲೆ, ಉಪ್ಪು ಹಾಕಿ ಕಾಳು ಮೆತ್ತಗಾಗುವವರೆಗೆ ಬೇಯಿಸಿ. ಅಲ್ಲಿಯವರು ಹಾಕುವ ಆಲ್‌ಸ್ಪೈಸ್ ಕಾಳಿನ ಬದಲು ಎರಡು ಲವಂಗ, ನಾಲ್ಕು ಕರಿಮೆಣಸು, ಚಿಕ್ಕ ಚೂರು ದಾಲ್ಚಿನ್ನಿ ಹಾಕಿ. ಲವಂಗ, ಆಲ್‌ಸ್ಪೈಸ್ ಎರಡರ ಪರಿಮಳಕ್ಕೂ ಮುಖ್ಯ ಕಾರಣ ಯೂಜೆನಾಲ್ ಎಂಬ ಒಂದೇ ಎಣ್ಣೆಯಂಶ.

ಆಮೇಲೆ ತೊಳೆದ ಅಕ್ಕಿ ಹಾಕಿ, ಮೇಲೆ ತೊಟ್ಟು ಕೀಳದ ಒಂದು ಹಸಿ ಮೆಣಸಿನಕಾಯಿಯನ್ನು ಇಡಿಯಾಗಿ ಇಡಿ. ಜಮೈಕಾದವರ ಸ್ಕಾಚ್ ಬಾನೆಟ್ ಕಾಯಿ ಬ್ಯಾಡಗಿಗಿಂತ ಹತ್ತಾರು ಪಟ್ಟು ಖಾರ. ಒಡೆದರೆ ಇಡೀ ಅನ್ನ ಬಾಯಿಗಿಡಲಾಗದು. ಇಡಿಯಾಗಿದ್ದರೆ ಹಣ್ಣಿನಂಥ ಘಮ ಮಾತ್ರ ಇಳಿಯುತ್ತದೆ. ನಮ್ಮ ದಪ್ಪ ಹಸಿ ಕಾಯಿಯೂ ಹೀಗೇ ವಾಸನೆ ಬಿಡುತ್ತದೆ. ಅಕ್ಕಿ ಹಾಕಿದ ಮೇಲೆ ಸೌಟು ಆಡಿಸಬೇಡಿ. ಮುಚ್ಚಿ ಸಣ್ಣ ಉರಿಯಲ್ಲಿಡಿ, ಬೆಂದ ಮೇಲೆ ಕಾಯಿ ತೆಗೆದುಬಿಡಿ. ಕುಕ್ಕರಿನಲ್ಲಿ ಮಾಡಿದರೆ ಕಾಯಿ ಒಡೆಯುವುದು ಹೆಚ್ಚು, ಆದ್ದರಿಂದ ದಪ್ಪ ತಳದ ಪಾತ್ರೆಯೇ ಮೇಲು. ರಾಜ್ಮಾ ಬಳಸುವವರು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಪೂರ್ತಿ ಬೇಯಿಸಿಯೇ ಅಕ್ಕಿಗೆ ಸೇರಿಸಬೇಕು. ಅರೆಬೆಂದ ರಾಜ್ಮಾ ವಾಂತಿ ತರುತ್ತದೆ.

ಸಕ್ಕರೆ ಕೆಂಪಾಗಿಸುವ ಪೆಲಾವ್

ಕೋಳಿ ತಿನ್ನುವ ಮನೆಗಳಿಗೆ ಇದು. ಸವಣೂರಿನಲ್ಲಿ ಪಲಾವಿಗೆ ಪಳಗಿದ ಕೈಗಳು ಬಹಳ. ಅವರಿಗೆ ಹೊಸದೆನಿಸುವುದು ಮೊದಲ ಎರಡು ನಿಮಿಷ ಮಾತ್ರ. ಅರ್ಧ ಕಿಲೊ ಕೋಳಿಗೆ ಮೂರು ಚಮಚ ಹಸಿರು ಮಸಾಲೆ, ಉಪ್ಪು ಸವರಿ ಎರಡು ತಾಸು ಇಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಒಂದೂವರೆ ಚಮಚ ಸಕ್ಕರೆ ಹರಡಿ, ಕೈಯಾಡಿಸದೆ ನೋಡುತ್ತಿರಿ. ಕರಗುತ್ತದೆ, ಜೇನಿನ ಬಣ್ಣ ಬರುತ್ತದೆ, ನೊರೆಯೇಳುತ್ತದೆ, ಆಮೇಲೆ ಕಾಫಿ ಕಷಾಯದ ಬಣ್ಣ. ಆ ಕ್ಷಣಕ್ಕೆ ಕೋಳಿ ಬೀಳಬೇಕು. ಕಪ್ಪಾಗಿ ಹೊಗೆ ಬಂದರೆ ಕಹಿ, ಚೆಲ್ಲಿ ಮತ್ತೆ ಮಾಡಿ. ಕೋಳಿಯ ನೀರು ಬಸಿದಿರಲಿ, ಸಿಡಿಯುತ್ತದೆ, ಮಕ್ಕಳು ದೂರವಿರಲಿ. ಬೆಲ್ಲ ಬೇಡ, ಅದು ಹದಕ್ಕೆ ಬರುವ ಮೊದಲೇ ಸೀಯುತ್ತದೆ.

ಹೋಳುಗಳಿಗೆ ಕಂದು ಬಣ್ಣ ಹತ್ತಿದ ಮೇಲೆ ಎರಡು ಬಟ್ಟಲು ಅಕ್ಕಿ, ಒಂದು ಬಟ್ಟಲು ಬೇಯಿಸಿದ ತೊಗರಿಕಾಳು, ಕುಂಬಳಕಾಯಿ ಮತ್ತು ಗಜ್ಜರಿ ಹೋಳು, ಒಂದು ಬಟ್ಟಲು ತೆಂಗಿನ ಹಾಲು, ಎರಡೂವರೆ ಬಟ್ಟಲು ನೀರು, ಇಡೀ ಮೆಣಸಿನಕಾಯಿ. ಮುಚ್ಚಿ ಬೇಯಿಸಿದರೆ ಮುಗಿಯಿತು. ಕೋಳಿಯ ಜಾಗದಲ್ಲಿ ನೆನೆಸಿ ಹಿಂಡಿದ ಸೋಯಾ ಉಂಡೆ ಹಾಕಿದರೂ ಚೆಂದ.

ಹೋಳಿಗೆ ಬಲ್ಲವರಿಗೆ ದಾಲ್‌ಪುರಿ

ಹೂರಣ ತುಂಬಿ ಲಟ್ಟಿಸುವ ಕೈಗೆ ಟ್ರಿನಿಡಾಡ್‌ನ ದಾಲ್‌ಪುರಿ ಕಲಿಸಬೇಕಾಗಿಯೇ ಇಲ್ಲ. ಅಲ್ಲಿ ಹಳದಿ ಬಟಾಣಿ ಬೇಳೆ ಬಳಸುತ್ತಾರೆ, ಕಡ್ಲಿಬ್ಯಾಳಿಯೂ ಚೆನ್ನ. ವ್ಯತ್ಯಾಸ ಒಂದೇ: ಹೂರಣ ಒಣಗಿರಬೇಕು. ಒಂದು ಬಟ್ಟಲು ಬ್ಯಾಳಿಯನ್ನು ಅರಿಸಿನ ಹಾಕಿ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು, ಕರಗದಷ್ಟು ಬೇಯಿಸಿ. ಕಟ್ಟು ಪೂರ್ತಿ ಬಸಿದು (ಅದರ ಸಾರು ಮಾಡಿ) ತಟ್ಟೆಯಲ್ಲಿ ಆರಿಸಿ. ನೀರು ತಾಗಿಸದೆ ಪುಡಿ ಮಾಡಿ, ಹುರಿದ ಜೀರಿಗೆ ಪುಡಿ, ಜಜ್ಜಿದ ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ, ಉಪ್ಪು ಬೆರೆಸಿ. ಎರಡು ಬಟ್ಟಲು ಹಿಟ್ಟಿಗೆ (ಅರ್ಧ ಗೋಧಿ, ಅರ್ಧ ಮೈದಾ) ಚಿಟಿಕೆ ಬೇಕಿಂಗ್ ಪೌಡರ್ ಸೇರಿಸಿ ಕಣಕವನ್ನು ಮೆತ್ತಗೆ ನಾದಿ ಅರ್ಧ ತಾಸು ಬಿಡಿ. ತುಂಬಿದ ಉಂಡೆಗಳನ್ನೂ ಹದಿನೈದು ನಿಮಿಷ ಬಿಟ್ಟೇ ಲಟ್ಟಿಸಿ, ಆಗ ಹರಿಯುವುದಿಲ್ಲ. ಎರಡೂ ಬದಿ ಎಣ್ಣೆ ಸವರಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಡಿ. ಒಳಗೆ ಕಡಲೆಕಾಳು ಬಟಾಟಿ ಪಲ್ಯವನ್ನೋ ಮಟನ್ನನ್ನೋ ಇಟ್ಟು ಮಡಿಸಿ ತಿನ್ನುವುದು ಅಲ್ಲಿಯ ರೂಢಿ. ಹೊಲಕ್ಕೆ ಬುತ್ತಿ ಕಟ್ಟಲು ಇದಕ್ಕಿಂತ ಅನುಕೂಲದ್ದು ನನಗೆ ಕಂಡಿಲ್ಲ.

ದಿನದ ಪಲ್ಯ

ಜಮೈಕಾದ ಕ್ಯಾಲಲೂ ಎಂದರೆ ನಮ್ಮ ರಾಜಗಿರಿ, ದಂಟಿನ ಜಾತಿಯ ಸೊಪ್ಪು. ಉಳ್ಳಾಗಡ್ಡಿ, ಟೊಮೆಟೊ, ಒಂದು ಚಮಚ ಹಸಿರು ಮಸಾಲೆ ಬಾಡಿಸಿ, ಸೊಪ್ಪು ಹಾಕಿ, ನೀರು ಹಾಕದೆ ಆರೇಳು ನಿಮಿಷ ಬೇಯಿಸಿದರಾಯಿತು. ಕುಂಬಳಕಾಯಿಯನ್ನು ಬಳ್ಳೊಳ್ಳಿ, ಜೀರಿಗೆ ಒಗ್ಗರಣೆಯಲ್ಲಿ ತಾನಾಗಿ ಕರಗುವವರೆಗೆ ಮುಚ್ಚಿಡಿ. ರೊಟ್ಟಿಗೆ ಬಹಳ ಹೊಂದುತ್ತದೆ. ಬದನೆಕಾಯಿಗೆ ಬಳ್ಳೊಳ್ಳಿ ಎಸಳು ಚುಚ್ಚಿ ಕೆಂಡದಲ್ಲಿ ಸುಟ್ಟು ಹಿಸುಕುವ ಅವರ ಚೋಕಾ ನಮ್ಮ ಬಜ್ಜಿಯ ಹತ್ತಿರದ ನೆಂಟ.

ಮಾವು, ಖಾರ

ಹಾನಗಲ್ ತೋಟಗಳ ಮಾವು ಬರುವಾಗ ದೋರೆಗಾಯಿ ಆರಿಸಿ ಉದ್ದುದ್ದ ಹೋಳು ಮಾಡಿ. ಜಜ್ಜಿದ ಬಳ್ಳೊಳ್ಳಿ, ಕೊತ್ತಂಬರಿ, ಮೆಣಸಿನಕಾಯಿ, ಉಪ್ಪು, ಲಿಂಬೆರಸ ಕಲಸಿ ಇಪ್ಪತ್ತು ನಿಮಿಷ ಬಿಟ್ಟರೆ ಟ್ರಿನಿಡಾಡ್‌ನ ಮ್ಯಾಂಗೊ ಚೌ ಸಿದ್ಧ.

ಹಿರಿಯರು, ಮಕ್ಕಳು ಕೂಡಿ ಉಣ್ಣುವ ಮನೆಯಲ್ಲಿ ಖಾರದ ಪ್ರಶ್ನೆ ಬರುತ್ತದೆ. ದ್ವೀಪದವರು ಅಡುಗೆಯಲ್ಲಿ ಖಾರ ಹಿಡಿತದಲ್ಲಿಟ್ಟು, ಮೆಣಸಿನಕಾಯಿ ಸಾಸನ್ನು ಊಟದ ಬದಿಗೆ ಇಡುತ್ತಾರೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಐದು ಬ್ಯಾಡಗಿ ಕಾಯಿಯನ್ನು ಬಣ್ಣಕ್ಕಾಗಿ ಬಿಸಿನೀರಲ್ಲಿ ನೆನೆಸಿ, ಖಾರಕ್ಕೆ ಹತ್ತು ಹಣ್ಣು ಮೆಣಸಿನಕಾಯಿ, ಒಂದು ಗಜ್ಜರಿ, ಆರು ಎಸಳು ಬಳ್ಳೊಳ್ಳಿ, ಅರ್ಧ ಚಮಚ ಸಾಸಿವೆ, ಉಪ್ಪು, ಅರ್ಧ ಬಟ್ಟಲು ವಿನೆಗರ್ ಸೇರಿಸಿ ಅರೆದು ಹತ್ತು ನಿಮಿಷ ಕುದಿಸಿ. ಕುದಿಸುವಾಗ ಕಿಟಕಿ ತೆರೆದಿರಲಿ, ಘಾಟು ಏಳುತ್ತದೆ. ಆರಿದ ಮೇಲೆ ಒಣ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಪ್ರತಿ ಸಲ ಒಣ ಚಮಚ ಬಳಸಿ. ತಿಂಗಳು ಕಾಲ ಕೆಡುವುದಿಲ್ಲ.